ನೀಲಾಂಜನೆಯ ನೃತ್ಯ: ಸಭೆ ಕಂಡದ್ದು, ಸ್ವಾಮಿ ಕಂಡದ್ದು

ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ದಿನಗಳಲ್ಲಿ ದೀಕ್ಷಾಕಲ್ಯಾಣದ ದಿನಕ್ಕೆ ಒಂದು ವಿಶೇಷವಾದ ಗಾಂಭೀರ್ಯವುಂಟು. ಗರ್ಭಾವತರಣ, ಜನ್ಮಾಭಿಷೇಕಗಳ ಸಂಭ್ರಮವು ಮುಗಿದು, ತೊಟ್ಟಿಲ ಹಾಡುಗಳು ನಿಂತು, ರಾಜಸಭೆಯ ವೈಭವವು ತೆರೆದುಕೊಳ್ಳುತ್ತದೆ. ಭಗವಾನ್ ಆದಿನಾಥಸ್ವಾಮಿಯನ್ನು ವಿಧಿನಾಯಕನನ್ನಾಗಿ ಇರಿಸಿಕೊಂಡ ಪ್ರತಿಷ್ಠೆಗಳಲ್ಲಿ ಈ ಸಭೆಯ ನಡುವೆ ನೀಲಾಂಜನೆಯ ನೃತ್ಯವನ್ನು ಅಭಿನಯಿಸಿ ತೋರಿಸುವ ಪದ್ಧತಿಯಿದೆ. ಊರಿನ ಬಾಲಿಕೆಯೋ ತರುಣಿಯೋ ಗೆಜ್ಜೆ ಕಟ್ಟಿ ರಂಗಕ್ಕೆ ಬರುತ್ತಾಳೆ. ನರ್ತಿಸುತ್ತ ನರ್ತಿಸುತ್ತ ಕುಸಿಯುತ್ತಾಳೆ. ಅನಂತರ ಸ್ವಾಮಿಗೆ ವೈರಾಗ್ಯ, ಲೌಕಾಂತಿಕ ದೇವರ ಆಗಮನ, ಪಲ್ಲಕ್ಕಿಯ ಉತ್ಸವ. ಕಥೆಯು ಎಲ್ಲರಿಗೂ ತಿಳಿದಿರುವುದರಿಂದ ಸಭೆಯು ಆ ಕ್ಷಣವನ್ನು ದಾಟಿ ಬೇಗನೆ ಮುಂದಕ್ಕೆ ಸಾಗಿಬಿಡುತ್ತದೆ.

ಆದರೆ ಆ ಕ್ಷಣದಲ್ಲಿ ನಿಂತು ನೋಡಬೇಕಾದುದು ಬಹಳವಿದೆ. ಇಡೀ ರಾಜಸಭೆಯನ್ನು ತನ್ನ ಕಣ್ಣ ಚಲನೆಯಲ್ಲಿ, ಕಾಲ ಗತಿಯಲ್ಲಿ ಕಟ್ಟಿಹಾಕಿದ ಒಬ್ಬ ನರ್ತಕಿಯು ಸಭೆಯೆದುರಿಗೇ ಮಡಿದಳು. ಸಭೆಗೆ ಅದು ತಿಳಿಯಲೇ ಇಲ್ಲ. ಕಲೆಯ ಶಕ್ತಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಯಿಲ್ಲ. ಇದಕ್ಕಿಂತ ಕಠಿನವಾದ ಆಕ್ಷೇಪವೂ ಇಲ್ಲ. ಈ ಎರಡನ್ನೂ ಒಂದೇ ಪ್ರಸಂಗದಲ್ಲಿ ಇರಿಸಿದ ನಮ್ಮ ಪೂರ್ವಾಚಾರ್ಯರ ಅಭಿಪ್ರಾಯವೇನಿದ್ದೀತೆಂದು ವಿಚಾರಿಸುವುದೇ ಈ ಕಿರುಲೇಖನದ ಉದ್ದೇಶ.

ಪ್ರಸಂಗದ ಸಾರ

ಭಗವಾನ್ ವೃಷಭನಾಥನ ಆಯುಷ್ಯವು ೮೪ ಲಕ್ಷ ಪೂರ್ವಗಳು. ಇದರಲ್ಲಿ ೨೦ ಲಕ್ಷ ಪೂರ್ವಗಳು ಕುಮಾರಕಾಲದಲ್ಲಿಯೂ ೬೩ ಲಕ್ಷ ಪೂರ್ವಗಳು ರಾಜ್ಯಭಾರದಲ್ಲಿಯೂ ಕಳೆದುಹೋದುವು. ಕಲ್ಪವೃಕ್ಷಗಳು ಕ್ಷೀಣಿಸಿ ದಿಕ್ಕುಗಾಣದ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಕಲಿಸಿ ಸ್ವಾಮಿಯು ಕರ್ಮಭೂಮಿಯ ವ್ಯವಸ್ಥೆಯನ್ನು ನಿಲ್ಲಿಸಿದನು. ಉಳಿದುದು ಒಂದೇ ಒಂದು ಲಕ್ಷ ಪೂರ್ವ. ಧರ್ಮತೀರ್ಥದ ಪ್ರವರ್ತನವಾಗಬೇಕಾದ ಕಾಲವು ಸಮೀಪಿಸಿದರೂ ಸ್ವಾಮಿಯು ಇನ್ನೂ ಸಿಂಹಾಸನದಲ್ಲಿಯೇ ಇರುವುದನ್ನು ಕಂಡು ಸೌಧರ್ಮೇಂದ್ರನು ಚಿಂತಿಸುತ್ತಾನೆ. ಉಪದೇಶಿಸಲು ಆತನಿಗೆ ಅಧಿಕಾರವಿಲ್ಲ, ತೀರ್ಥಂಕರನು ಸ್ವಯಂಬುದ್ಧನು. ಆದುದರಿಂದ ಆತನು ಮಾತಿನ ಬದಲು ಒಂದು ನೃತ್ಯವನ್ನು ಏರ್ಪಡಿಸುತ್ತಾನೆ.

ಆ ನೃತ್ಯಕ್ಕೆ ಆರಿಸಲ್ಪಟ್ಟವಳು ನೀಲಾಂಜನೆ. ಆಕೆಯ ಆಯುಷ್ಯವು ಮುಗಿಯುತ್ತ ಬಂದಿತ್ತೆಂಬುದೇ ಆಯ್ಕೆಗೆ ಕಾರಣ. ವಾದ್ಯಗಳು ಮೊಳಗಿ, ರಂಗವು ಸಜ್ಜಾಗಿ, ಆಕೆಯು ನರ್ತಿಸಿದಳು. ನರ್ತಿಸುತ್ತಿರುವಂತೆಯೇ ಆಯುಷ್ಯವು ಮುಗಿದು, ಮಿಂಚು ಮೂಡಿ ಮರೆಯಾಗುವಂತೆ ಆಕೆಯು ಕಾಣದಾದಳು. ರಸಭಂಗವಾದೀತೆಂದು ಇಂದ್ರನು ಅದೇ ನಿಮಿಷದಲ್ಲಿ ಅದೇ ರೂಪ, ಅದೇ ವೇಷ, ಅದೇ ಭಂಗಿಯ ಇನ್ನೊಬ್ಬಳನ್ನು ಆ ಸ್ಥಾನದಲ್ಲಿ ನಿಲ್ಲಿಸಿದನು. ತಾಳ ತಪ್ಪಲಿಲ್ಲ; ಹಾಡು ನಿಲ್ಲಲಿಲ್ಲ. ಸಭೆಯು ಮೊದಲಿನಂತೆಯೇ ತಲೆದೂಗುತ್ತಿತ್ತು. ಸ್ವಾಮಿಯೊಬ್ಬನು ಮಾತ್ರ ಕಂಡನು.

ಸತ್ತವಳ ದೇಹವು ರಂಗದ ಮೇಲೆ ಬಿದ್ದಿರಲಿಲ್ಲವೇ ಎಂದು ಮಕ್ಕಳು ಕೇಳುವುದುಂಟು. ದೇವಗತಿಯ ಜೀವಗಳದು ವೈಕ್ರಿಯಿಕ ಶರೀರ. ಆಯುಷ್ಯವು ಮುಗಿದೊಡನೆ ಅದು ಕರಗಿಹೋಗುತ್ತದೆ, ಹಿಂದೆ ಕಳೇಬರವು ಉಳಿಯುವುದಿಲ್ಲ. ಇಂದ್ರನ ಮರೆಸುವಿಕೆಯು ಸಾಧ್ಯವಾದುದು ಈ ಕಾರಣದಿಂದ. ಮನುಷ್ಯಲೋಕದ ರಂಗದಲ್ಲಿ ಅಭಿನಯಿಸುವ ಬಾಲಿಕೆಯು ಕುಸಿದು ಬೀಳಲೇಬೇಕಾಗುತ್ತದೆ, ಇಲ್ಲವಾದರೆ ನಮ್ಮಂಥ ಪ್ರೇಕ್ಷಕರಿಗೆ ಅರ್ಥವಾಗುವುದಿಲ್ಲ. ಪುರಾಣದ ನೀಲಾಂಜನೆಯು ಬೀಳಲೂ ಇಲ್ಲ.

ಶಿಲೆಯಲ್ಲಿ ಮತ್ತು ಕಾವ್ಯದಲ್ಲಿ

ಈ ಕಥೆಯು ಎಷ್ಟು ಪ್ರಾಚೀನವಾದುದೆಂಬುದಕ್ಕೆ ಮಥುರೆಯ ಕಂಕಾಲೀ ದಿಬ್ಬವು ಸಾಕ್ಷಿ ನುಡಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ನಡೆದ ಉತ್ಖನನಗಳಲ್ಲಿ ಜೈನಸ್ತೂಪದ ಅವಶೇಷಗಳೂ ನೂರಾರು ಜಿನಬಿಂಬಗಳೂ ದೊರೆತುವು. ಅವುಗಳ ಜೊತೆಯಲ್ಲಿ ದೊರೆತು ಈಗ ಲಕ್ನೋದ ರಾಜ್ಯ ವಸ್ತುಸಂಗ್ರಹಾಲಯದಲ್ಲಿರುವ ಒಂದು ಉಬ್ಬುಶಿಲ್ಪದ ಪಟ್ಟಿಕೆಯಲ್ಲಿ ಮಂಟಪದ ಕೆಳಗೆ ನರ್ತಿಸುತ್ತಿರುವ ಸ್ತ್ರೀ, ವಾದ್ಯಗಾರರು ಮತ್ತು ನೋಡುತ್ತಿರುವ ರಾಜಪುರುಷನು ಕಾಣುತ್ತಾರೆ. ವಿದ್ವಾಂಸರು ಇದನ್ನು ನೀಲಾಂಜನೆಯ ನೃತ್ಯವೆಂದು ಗುರುತಿಸಿ, ಕ್ರಿಸ್ತಪೂರ್ವ ಕಾಲದ್ದೆಂದು ನಿರ್ಣಯಿಸಿದ್ದಾರೆ. ಹಾಗಾದರೆ ನಮ್ಮ ಆದಿಕವಿಯು ಲೇಖನಿಯನ್ನು ಹಿಡಿಯುವುದಕ್ಕೆ ಸುಮಾರು ಒಂದು ಸಾವಿರ ವರ್ಷಗಳ ಮೊದಲೇ ಮಥುರೆಯ ಶ್ರಾವಕರು ಜಿನದರ್ಶನಕ್ಕೆ ಹೋಗುವಾಗ ಈ ನರ್ತಕಿಯನ್ನು ದಾಟಿಯೇ ಹೋಗುತ್ತಿದ್ದರೆಂದು ತಿಳಿಯಬಹುದು.

ಪ್ರಾಕೃತದ ತಿಲೋಯಪಣ್ಣತ್ತಿಯು ತೀರ್ಥಂಕರರ ವೈರಾಗ್ಯಕ್ಕೆ ನಿಮಿತ್ತವಾದ ಸಂಗತಿಗಳನ್ನು ಹೇಳುವಲ್ಲಿ ವೃಷಭನಾಥನಿಗೆ ಈ ನರ್ತಕಿಯ ಮರಣವನ್ನೇ ಹೇಳಿದೆ. ಇದನ್ನು ವಿಸ್ತಾರವಾದ ಕಾವ್ಯವಾಗಿಸಿದವರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಗುರುಗಳಾದ ಜಿನಸೇನಾಚಾರ್ಯರು. ತಮ್ಮ ಗುರುಗಳಾದ ವೀರಸೇನಾಚಾರ್ಯರು ಅರ್ಧಕ್ಕೆ ಬಿಟ್ಟುಹೋದ ಜಯಧವಲ ಟೀಕೆಯನ್ನು ಕ್ರಿ.ಶ. ೮೩೭ರಲ್ಲಿ ಮುಗಿಸಿದ ಈ ಮಹಾನುಭಾವರು ಆಮೇಲೆ ಸಂಸ್ಕೃತ ಆದಿಪುರಾಣಕ್ಕೆ ಕೈಹಚ್ಚಿದರು. ೪೨ ಪರ್ವಗಳನ್ನು ರಚಿಸಿ ಮುಂದಿನದನ್ನು ಶಿಷ್ಯರಾದ ಗುಣಭದ್ರಾಚಾರ್ಯರಿಗೆ ಬಿಟ್ಟು ದಿವಂಗತರಾದರು. ಅದರ ಹದಿನೇಳನೆಯ ಪರ್ವದಲ್ಲಿ ನೀಲಾಂಜನೆಯು ಬರುತ್ತಾಳೆ.

ಅಲ್ಲಿಂದ ಕನ್ನಡಕ್ಕೆ ಬಂದ ನೀಲಾಂಜನೆಯು ಕನ್ನಡದವಳೇ ಆಗಿಬಿಟ್ಟಳು. ಕ್ರಿ.ಶ. ೯೪೧ರಲ್ಲಿ ಪಂಪಮಹಾಕವಿಯು ಆದಿಪುರಾಣವನ್ನು ರಚಿಸಿದಾಗ ಆತನಿಗೆ ಮೂವತ್ತೊಂಬತ್ತು ವರ್ಷ. ಧರ್ಮವನ್ನೂ ಕಾವ್ಯಧರ್ಮವನ್ನೂ ಒಂದೇ ಕೃತಿಯಲ್ಲಿ ಅರಿಯಬಹುದೆಂಬುದು ಆತನ ಸಂಕಲ್ಪ. ಆ ಸಂಕಲ್ಪಕ್ಕೆ ಪರೀಕ್ಷೆಯ ಸ್ಥಳವೆಂದರೆ ಈ ನೃತ್ಯವೇ. ವೈರಾಗ್ಯವನ್ನು ಹೇಳಬೇಕಾದ ಕವಿಯು ನರ್ತಕಿಯನ್ನು ಮಂಕಾಗಿ ಚಿತ್ರಿಸಬಹುದಾಗಿತ್ತು. ಪಂಪನು ಹಾಗೆ ಮಾಡಲಿಲ್ಲ. ಆಕೆಯ ರಂಗಪ್ರವೇಶ, ಅಂಗಾಂಗಗಳ ಲಾಸ್ಯ, ನೋಟದ ಬೆಡಗು ಇವೆಲ್ಲವನ್ನೂ ನಾಟ್ಯಶಾಸ್ತ್ರವನ್ನು ಬಲ್ಲವನ ಕಣ್ಣಿನಿಂದಲೂ ರಸಿಕನ ಹೃದಯದಿಂದಲೂ ಬಣ್ಣಿಸಿ, ಓದುಗನನ್ನೇ ಆ ಸಭೆಯಲ್ಲಿ ಕೂರಿಸಿಬಿಡುತ್ತಾನೆ. ನಾವು ಮೈಮರೆತು ನೋಡುತ್ತಿರುವಾಗಲೇ ಆಕೆಯು ಇಲ್ಲವಾಗುತ್ತಾಳೆ. ಶೃಂಗಾರವು ಶಾಂತಕ್ಕೆ ತಿರುಗುವ ಆ ತಿರುವು ಕನ್ನಡ ಕಾವ್ಯದ ಮಹೋನ್ನತ ಸ್ಥಾನಗಳಲ್ಲೊಂದು ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಾರದು. ಮುಂದೆ ಕ್ರಿ.ಶ. ೯೭೮ರಲ್ಲಿ ಚಾವುಂಡರಾಯನು ಅರವತ್ತುಮೂವರು ಶಲಾಕಾಪುರುಷರ ಚರಿತೆಯನ್ನು ಗದ್ಯದಲ್ಲಿ ನಿರೂಪಿಸಿದಾಗ ಆದಿನಾಥನ ಕಥೆಯು ಕಾವ್ಯದ ಅಭ್ಯಾಸವಿಲ್ಲದ ಶ್ರಾವಕರಿಗೂ ನಿಲುಕಿತು. ಆತನೇ ಕೆಲವು ವರ್ಷಗಳಲ್ಲಿ ಆ ಸ್ವಾಮಿಯ ಪುತ್ರನಾದ ಗೊಮ್ಮಟೇಶ್ವರನನ್ನು ವಿಂಧ್ಯಗಿರಿಯ ಮೇಲೆ ನಿಲ್ಲಿಸಿದನು.

ರಸಭಂಗದ ಭಯ

ಪ್ರಸಂಗದಲ್ಲಿ ಅತ್ಯಂತ ವಿಚಾರಾರ್ಹವಾದುದು ಇಂದ್ರನ ಎರಡನೆಯ ಕೆಲಸ. ಸ್ವಾಮಿಗೆ ಅನಿತ್ಯತೆಯನ್ನು ತೋರಿಸುವುದೇ ಆತನ ಉದ್ದೇಶವಾಗಿದ್ದರೆ ನರ್ತಕಿಯ ಅಳಿವನ್ನು ಸಭೆಗೆಲ್ಲ ಕಾಣುವಂತೆ ಬಿಡಬಹುದಾಗಿತ್ತು. ಆತನು ಬಿಡಲಿಲ್ಲ, ಮರೆಮಾಡಿದನು. ತೋರಿಸಲೆಂದೇ ತಂದುದನ್ನು ತಾನೇ ಮುಚ್ಚಿದನು.

ಇದನ್ನು ಎರಡು ಬಗೆಯಾಗಿ ಅರ್ಥೈಸಬಹುದು. ಮೊದಲನೆಯದಾಗಿ, ಇಂದ್ರನು ದೇವಲೋಕದ ಒಡೆಯನು. ಭೋಗವೇ ಅಲ್ಲಿಯ ವ್ಯವಸ್ಥೆ. ಆಟವು ನಿಲ್ಲಬಾರದೆಂಬುದು ಆತನಿಗೆ ಸ್ವಭಾವವಾಗಿಬಿಟ್ಟಿದೆ. ಧರ್ಮಕಾರ್ಯಕ್ಕಾಗಿ ಬಂದಾಗಲೂ ಆ ಸ್ವಭಾವವು ಆತನನ್ನು ಬಿಡಲಿಲ್ಲ. ಎರಡನೆಯದಾಗಿ, ಎಲ್ಲರಿಗೂ ಕಾಣುವ ಸಾವು ಎಲ್ಲರನ್ನೂ ಒಂದು ಗಳಿಗೆ ಅಳಿಸುತ್ತದೆ. ಅದು ಸ್ಮಶಾನವೈರಾಗ್ಯ, ಮನೆ ಸೇರುವಷ್ಟರಲ್ಲಿ ಮಾಯವಾಗುವಂಥದು. ಎಲ್ಲವೂ ಮೊದಲಿನಂತೆಯೇ ಇದೆಯೆಂದು ಕಾಣುತ್ತಿರುವಾಗ, ಇದ್ದುದು ಇಲ್ಲವಾಗಿದೆಯೆಂದು ಅರಿಯುವುದೇ ನಿಜವಾದ ಜ್ಞಾನ. ದೀಪದ ಕುಡಿಯು ಒಂದೇ ಎಂದು ನಾವು ತಿಳಿಯುತ್ತೇವೆ. ಉರಿಯುವ ಎಣ್ಣೆಯು ಕ್ಷಣಕ್ಷಣಕ್ಕೂ ಬೇರೆ. ನಮ್ಮ ಮನೆಗಳಲ್ಲಿ ಸಹ ಹೀಗೆಯೇ ಹಿರಿಯರ ಜಾಗದಲ್ಲಿ ಕಿರಿಯರು ನಿಲ್ಲುತ್ತಾರೆ, ಆಟವು ನಡೆಯುತ್ತದೆ, ಹೋದವರು ಹೋದರೆಂಬುದು ಮರೆತುಹೋಗುತ್ತದೆ. ಇಂದ್ರನು ಮಾಡಿದ ಮರೆಯನ್ನು ಸಂಸಾರವು ದಿನವೂ ಮಾಡುತ್ತಿದೆ.

ಜಿನಸೇನಾಚಾರ್ಯರ ಸ್ವಾಮಿಯು ಈ ಮರೆಯನ್ನೂ ಕಂಡನು. ಇದು ದೇವೇಂದ್ರನು ತನ್ನನ್ನು ಎಚ್ಚರಿಸಲೆಂದು ಹೂಡಿದ ಕಪಟನಾಟಕವೆಂದು ಆತನು ತಿಳಿದುಕೊಳ್ಳುತ್ತಾನೆ. ಕಪಟವೆಂದು ತಿಳಿದು ಕೋಪಿಸಿಕೊಳ್ಳುವುದಿಲ್ಲ. ಕಪಟದೊಳಗಿದ್ದ ಸತ್ಯವನ್ನು ಕೈಗೆತ್ತಿಕೊಳ್ಳುತ್ತಾನೆ. ದ್ವಾದಶಾನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯಾನುಪ್ರೇಕ್ಷೆ ಎಂಬುದನ್ನು ಇಲ್ಲಿ ನೆನೆಯಬೇಕು.

ನೃತ್ಯವನ್ನು ಬಲ್ಲ ಪ್ರಭು

ಸಭೆಗೆ ಕಾಣದುದು ಸ್ವಾಮಿಗೆ ಹೇಗೆ ಕಂಡಿತು? ತೀರ್ಥಂಕರನು ಹುಟ್ಟಿನಿಂದಲೇ ಮತಿ, ಶ್ರುತ, ಅವಧಿ ಎಂಬ ಮೂರು ಜ್ಞಾನಗಳುಳ್ಳವನೆಂದು ಶಾಸ್ತ್ರವು ಹೇಳುತ್ತದೆ. ಈ ಉತ್ತರವು ಸರಿಯಾದುದೇ. ಆದರೆ ಆದಿಪುರಾಣವನ್ನು ಮೊದಲಿನಿಂದ ಓದಿಕೊಂಡು ಬಂದವರಿಗೆ ಇನ್ನೂ ಎರಡು ಸಂಗತಿಗಳು ಹೊಳೆಯದೆ ಇರಲಾರವು.

ಒಂದು, ಆತನು ಕಲೆಯನ್ನು ಬಲ್ಲವನು. ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದ ಸ್ವಾಮಿಯು ತನ್ನ ಮಕ್ಕಳಿಗೆ ಬೇರೆ ಬೇರೆ ವಿದ್ಯೆಗಳನ್ನು ಉಪದೇಶಿಸಿದನೆಂದು ಜಿನಸೇನಾಚಾರ್ಯರು ಹೇಳುತ್ತಾರೆ. ಹಿರಿಯನಾದ ಭರತನಿಗೆ ಅರ್ಥಶಾಸ್ತ್ರದೊಂದಿಗೆ ನಾಟ್ಯಶಾಸ್ತ್ರವನ್ನೂ, ವೃಷಭಸೇನನಿಗೆ ಸಂಗೀತಶಾಸ್ತ್ರವನ್ನೂ ಕಲಿಸಿದವನು ಆತನೇ. ಆದುದರಿಂದ ಆತನು ಕಲೆಗೆ ಕಣ್ಣು ಮುಚ್ಚಿಕೊಂಡು ಪಾರಾದ ವಿರಾಗಿಯಲ್ಲ; ಕಣ್ಣು ಬಿಟ್ಟು, ಎಲ್ಲರಿಗಿಂತ ಚೆನ್ನಾಗಿ ನೋಡಿ ಪಾರಾದವನು. ಉಳಿದವರು ನೃತ್ಯದಲ್ಲಿ ಕರಗಿದ್ದರು. ಆತನು ನೃತ್ಯವನ್ನು ನೋಡುತ್ತಿದ್ದನು. ಕರಗಿದವನಿಗೆ ನರ್ತಕಿಯು ಬದಲಾದುದು ಕಾಣುವುದಿಲ್ಲ.

ಎರಡು, ಆತನ ಜೀವವು ದೇವಲೋಕದ ಅಳಿವನ್ನು ಹಿಂದೆಯೇ ಅನುಭವಿಸಿತ್ತು. ಭವಾವಳಿಯಲ್ಲಿ ಆತನು ಲಲಿತಾಂಗದೇವನಾಗಿದ್ದಾಗ ಸ್ವಯಂಪ್ರಭೆಯೊಡನೆ ಭೋಗದಲ್ಲಿದ್ದು, ಆಯುಷ್ಯವು ಮುಗಿಯುವ ಮುನ್ನ ಕೊರಳ ಮಾಲೆಯು ಬಾಡುವುದನ್ನು ಕಂಡು ತಳಮಳಿಸಿದವನು. ಮುಂದಿನ ಭವದಲ್ಲಿ ವಜ್ರಜಂಘನಾಗಿ ಶ್ರೀಮತಿಯೊಡನೆ ಶಯ್ಯಾಗೃಹದ ಧೂಪದ ಹೊಗೆಯಲ್ಲಿಯೇ ಪ್ರಾಣಬಿಟ್ಟವನು. ಸುಖಕ್ಕೆಂದು ಹಾಕಿದ ಧೂಪವೇ ಉಸಿರು ಕಟ್ಟಿಸಿತು. ಇಷ್ಟನ್ನು ಹಿಂದೆ ಬಿಟ್ಟು ಬಂದ ಜೀವದ ಮುಂದೆ ನೀಲಾಂಜನೆಯು ಮಿಂಚಿ ಮರೆಯಾದಾಗ ಅದು ಪರರ ಸಾವಾಗಿ ಕಾಣಲಿಲ್ಲ. ಪಂಪನು ಭವಾವಳಿಯನ್ನು ಅಷ್ಟು ವಿಸ್ತಾರವಾಗಿ ಹೇಳಿದುದರ ಸಾರ್ಥಕ್ಯವು ಈ ಒಂದು ಕ್ಷಣದಲ್ಲಿದೆ.

ಕಂಡವನನ್ನು ಕಂಡು ಹೊರಟವರ ಗತಿಯೇನಾಯಿತೆಂಬುದನ್ನೂ ಪುರಾಣವು ಮರೆಯದೆ ಹೇಳುತ್ತದೆ. ಭರತನಿಗೆ ರಾಜ್ಯವನ್ನಿತ್ತು, ಚೈತ್ರ ಬಹುಳ ನವಮಿಯಂದು ಸಿದ್ಧಾರ್ಥವನದಲ್ಲಿ ಪಂಚಮುಷ್ಟಿ ಕೇಶಲೋಚ ಮಾಡಿ ಸ್ವಾಮಿಯು ದೀಕ್ಷೆಗೊಂಡಾಗ ನಾಲ್ಕು ಸಾವಿರ ಅರಸರು ಜೊತೆಯಲ್ಲಿ ದೀಕ್ಷೆಗೊಂಡರು. ಅವರಿಗೆ ಇದ್ದುದು ಸ್ವಾಮಿಭಕ್ತಿ, ತತ್ತ್ವಜ್ಞಾನವಲ್ಲ. ಸ್ವಾಮಿಯು ಆರು ತಿಂಗಳು ಪ್ರತಿಮಾಯೋಗದಲ್ಲಿ ನಿಂತಾಗ ಹಸಿವು ಬಾಯಾರಿಕೆಗಳನ್ನು ತಾಳಲಾರದೆ ಅವರು ಮಾರ್ಗಭ್ರಷ್ಟರಾದರು. ನೃತ್ಯವನ್ನು ಕಂಡ ಸಭೆಯಂತೆಯೇ ಇವರೂ ತ್ಯಾಗವನ್ನು ಹೊರಗಿನಿಂದ ಕಂಡವರು. ಇನ್ನೊಬ್ಬರ ಕಣ್ಣಿನಿಂದ ಯಾರೂ ನೋಡಲಾರರೆಂಬುದಕ್ಕೆ ಬೇರೆ ದೃಷ್ಟಾಂತವೇಕೆ?

ಮೂರು ನೃತ್ಯಗಳು

ಇಷ್ಟರಿಂದ ಜೈನಧರ್ಮವು ನೃತ್ಯಕ್ಕೆ ವಿರೋಧಿಯೆಂದು ಯಾರಾದರೂ ತಿಳಿದರೆ ಅದು ಸಲ್ಲದು. ಆದಿನಾಥಚರಿತೆಯಲ್ಲಿಯೇ ಮೂರು ನೃತ್ಯಗಳಿವೆ. ಮೊದಲನೆಯದು ಜನ್ಮಕಲ್ಯಾಣದಲ್ಲಿ. ಮೇರುಪರ್ವತದ ಅಭಿಷೇಕವು ಮುಗಿದ ಬಳಿಕ ನಾಭಿರಾಜ ಮರುದೇವಿಯರ ಮುಂದೆ ಇಂದ್ರನು ತಾನೇ ಆನಂದನಾಟಕವನ್ನಾಡುತ್ತಾನೆ. ಸಾವಿರ ತೋಳುಗಳನ್ನು ಚಾಚಿ ಕುಣಿಯುವ ಆತನ ತೋಳುಗಳ ಮೇಲೆ ದೇವಾಂಗನೆಯರು ನರ್ತಿಸುತ್ತಾರೆ. ಎರಡನೆಯದು ನೀಲಾಂಜನೆಯದು. ಮೂರನೆಯದು ಕೇವಲಜ್ಞಾನವಾದ ಮೇಲೆ ಸಮವಸರಣದಲ್ಲಿ. ಅಲ್ಲಿಯ ಬೀದಿಗಳ ಎರಡೂ ಪಕ್ಕಗಳಲ್ಲಿ ನಾಟ್ಯಶಾಲೆಗಳಿದ್ದು, ದೇವಕನ್ಯೆಯರು ಜಿನಗುಣಗಳನ್ನು ಹಾಡಿ ಆಡುತ್ತಿರುತ್ತಾರೆ. ಭವ್ಯಜೀವಗಳು ಅವುಗಳನ್ನು ದಾಟಿಕೊಂಡೇ ಗಂಧಕುಟಿಯ ಕಡೆಗೆ ಸಾಗಬೇಕು.

ಮೊದಲನೆಯ ನೃತ್ಯದಲ್ಲಿ ಸಂತೋಷವಿದೆ, ಮೂರನೆಯದರಲ್ಲಿ ಭಕ್ತಿಯಿದೆ. ನಡುವಿನದು ಮಾತ್ರ ಪ್ರೇಕ್ಷಕನನ್ನು ನಿಲ್ಲಿಸಿ ಕೇಳುತ್ತದೆ: ನೀನು ನೋಡುತ್ತಿರುವುದೇನು? ಆ ಪ್ರಶ್ನೆಗೆ ಉತ್ತರ ಕೊಟ್ಟವನಿಗೆ ಮಾತ್ರ ಮೂರನೆಯ ನೃತ್ಯವು ದಾರಿಯ ಅಲಂಕಾರವಾಗುತ್ತದೆ. ಉತ್ತರ ಕೊಡದವನಿಗೆ ಅದೂ ಒಂದು ತಡೆಯೇ. ಕಲೆಗೆ ಸೆಳೆಯುವ ಬಲವಿದೆಯೇ ಹೊರತು ಇಂಥ ಕಡೆಗೇ ಸೆಳೆಯಬೇಕೆಂಬ ನಿಯಮವಿಲ್ಲ. ಕ್ರಿ.ಶ. ೧೨೦೯ರಲ್ಲಿ ಜನ್ನಕವಿಯು ರಚಿಸಿದ ಯಶೋಧರಚರಿತೆಯಲ್ಲಿ ರಾತ್ರಿಯ ನಿಶ್ಶಬ್ದದಲ್ಲಿ ಕೇಳಿಬಂದ ಮಾವುತನೊಬ್ಬನ ಇಂಪಾದ ಗಾನವೇ ಅಮೃತಮತಿಯ ಮನಸ್ಸನ್ನು ಸೆಳೆದು ಇಡೀ ಮನೆತನದ ಪತನಕ್ಕೆ ಕಾರಣವಾಗುತ್ತದೆ. ಅಲ್ಲಿ ಕೇಳಿದವಳು ಕೊಚ್ಚಿಹೋದಳು. ಇಲ್ಲಿ ನೋಡಿದವನು ದಡ ಸೇರಿದನು. ಎರಡನ್ನೂ ಬರೆದವರು ಜೈನಕವಿಗಳೇ.

ನರ್ತಕಿಯೂ ಶ್ರಾವಕಿಯೂ

ಪುರಾಣದಿಂದ ಇತಿಹಾಸಕ್ಕೆ ಬಂದರೆ, ನೃತ್ಯವೂ ಸಮ್ಯಕ್ತ್ವವೂ ಒಬ್ಬ ಸ್ತ್ರೀಯಲ್ಲಿ ಕೂಡಿದುದಕ್ಕೆ ಉಜ್ಜ್ವಲ ನಿದರ್ಶನವು ನಮ್ಮ ನಾಡಿನಲ್ಲಿಯೇ ಇದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿಯಾದ ಶಾಂತಲದೇವಿಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ಪ್ರವೀಣೆಯೆಂದು ಹೊಗಳುತ್ತವೆ; ಅದೇ ಉಸಿರಿನಲ್ಲಿ ಜಿನಧರ್ಮನಿಷ್ಠೆಯೆಂದೂ ಹೊಗಳುತ್ತವೆ. ತಂದೆ ಮಾರಸಿಂಗಯ್ಯನು ಶೈವನು, ತಾಯಿ ಮಾಚಿಕಬ್ಬೆಯು ಜೈನಳು, ಗುರುಗಳು ಪ್ರಭಾಚಂದ್ರ ಸಿದ್ಧಾಂತದೇವರು. ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದ ಈಕೆಯು ಕ್ರಿ.ಶ. ೧೧೨೩ರಲ್ಲಿ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಶಾಂತಿನಾಥಸ್ವಾಮಿಯ ಬಸದಿಯನ್ನು ಕಟ್ಟಿಸಿ, ಅದರ ಪೂಜೆಗೂ ಮುನಿಗಳ ಆಹಾರದಾನಕ್ಕೂ ಮೊಟ್ಟೆನವಿಲೆ ಎಂಬ ಗ್ರಾಮವನ್ನು ದತ್ತಿ ಬಿಟ್ಟಳು. ಆಕೆಯ ಬಿರುದಿನಿಂದಲೇ ಅದಕ್ಕೆ ಸವತಿಗಂಧವಾರಣ ಬಸದಿ ಎಂಬ ಹೆಸರು ನಿಂತಿದೆ.

ಈ ಬಸದಿಯೊಳಗೆ ನಿಂತವರಿಗೆ ಒಂದು ಸಂಗತಿಯು ಮನಸ್ಸಿಗೆ ಬಾರದಿರದು. ಬೇಲೂರಿನ ಗುಡಿಯಲ್ಲಿ ಮದನಿಕೆಯರ ವಿಲಾಸವು ಕಣ್ತುಂಬುತ್ತದೆ. ಆ ವಿಗ್ರಹಗಳಿಗೆ ಶಾಂತಲೆಯೇ ಮಾದರಿಯಾಗಿದ್ದಳೆಂದು ಜನರು ಹೇಳುವುದುಂಟಾದರೂ ಅದಕ್ಕೆ ಶಾಸನಾಧಾರವಿಲ್ಲ. ಆದರೆ ಆಕೆಯು ತನ್ನದೇ ಹೆಸರಿಟ್ಟು ಬೆಟ್ಟದ ಮೇಲೆ ಕಟ್ಟಿಸಿದ ಬಸದಿಯು ಸರಳವಾದುದು. ಕುಣಿಯುವುದನ್ನು ಬಲ್ಲವಳು ಕೊನೆಗೆ ತನ್ನ ಕಣ್ಣನ್ನು ನಿಲ್ಲಿಸಲು ಬಯಸಿದುದು ನಿಶ್ಚಲವಾಗಿ ನಿಂತ ಶಾಂತಿನಾಥನ ಮೇಲೆ. ಕ್ರಿ.ಶ. ೧೧೩೧ರಲ್ಲಿ ಆಕೆಯು ಶಿವಗಂಗೆಯಲ್ಲಿ ದೇಹಬಿಟ್ಟಳು. ಆಕೆಯ ಅಂತ್ಯದ ಬಗ್ಗೆ ಕಾದಂಬರಿಕಾರರು ಹಲವು ರಮ್ಯ ಕಲ್ಪನೆಗಳನ್ನು ಹೆಣೆದಿದ್ದಾರೆ. ಶಾಸನವು ಮುಡಿಪಿದಳೆಂಬಷ್ಟನ್ನೇ ಹೇಳುತ್ತದೆ. ಮಗಳ ಅಗಲಿಕೆಯ ಬಳಿಕ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ಸಮಾಧಿಯನ್ನು ಹೊಂದಿದಳು. ಮಗಳ ಸಾವನ್ನು ತಾಯಿಯು ಕಂಡ ಬಗೆ ಇದು. ಆ ಸಾವಿನ ಜಾಗದಲ್ಲಿ ಯಾವ ಬದಲಿಯನ್ನೂ ನಿಲ್ಲಿಸಿಕೊಳ್ಳದೆ ಆಕೆಯು ತನ್ನ ದಾರಿಯನ್ನು ಹಿಡಿದಳು.

ಮರೆತುಹೋದವಳು

ಆದರೂ ಸಮಾಜವು ನೃತ್ಯವನ್ನು ಮೆಚ್ಚಿದಂತೆ ನರ್ತಕಿಯನ್ನು ಮೆಚ್ಚಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಶಾಂತಲೆಯು ಪಟ್ಟದರಸಿಯಾದುದರಿಂದ ಆಕೆಯ ಕಲೆಯು ಬಿರುದಾಯಿತು. ಸಾಮಾನ್ಯ ನರ್ತಕಿಯರನ್ನು ಸಭೆಯು ಕಣ್ಣೆವೆಯಿಕ್ಕದೆ ನೋಡಿ, ಸಭೆಯಿಂದ ಹೊರಬಂದೊಡನೆ ದೂರವಿರಿಸಿತು. ತನ್ನನ್ನು ಆಳಿದವಳನ್ನು ಕಂಡು ಅಂಜಿ, ಆ ಅಂಜಿಕೆಗೆ ಅವಳೇ ಹೊಣೆಯೆಂದು ತೀರ್ಪು ಕೊಟ್ಟಿತು. ಕುಲೀನ ಮನೆತನದ ಹೆಣ್ಣುಮಕ್ಕಳು ರಂಗವನ್ನೇರುವುದು ನಿಷಿದ್ಧವೆನಿಸಿ, ನಮ್ಮ ಯಕ್ಷಗಾನ ಮೇಳಗಳಲ್ಲಿ ಸ್ತ್ರೀವೇಷವನ್ನು ಪುರುಷರೇ ಧರಿಸುವ ಪದ್ಧತಿಯು ಬಹುಕಾಲ ನಡೆದುಬಂದಿತು. ಇಂದು ಪಂಚಕಲ್ಯಾಣದ ವೇದಿಕೆಯಲ್ಲಿ ಶ್ರಾವಕರ ಮನೆಯ ಮಗಳೇ ಗೆಜ್ಜೆ ಕಟ್ಟಿ ನೀಲಾಂಜನೆಯಾಗುತ್ತಾಳೆ, ತಂದೆತಾಯಿಗಳು ಮುಂದಿನ ಸಾಲಿನಲ್ಲಿ ಕುಳಿತು ನೋಡುತ್ತಾರೆ ಎಂಬುದು ಸಣ್ಣ ಬದಲಾವಣೆಯೇನಲ್ಲ.

ಇಂದ್ರನು ಆಯುಷ್ಯವು ಮುಗಿಯಲಿದ್ದವಳನ್ನೇ ಆರಿಸಿದುದು ನ್ಯಾಯವೇ ಎಂಬ ಪ್ರಶ್ನೆಯನ್ನು ತರುಣರು ಕೇಳುತ್ತಾರೆ. ಪ್ರಶ್ನೆಯು ಸಾಧುವಾದುದೇ. ಆಯುಃಕರ್ಮವು ಮುಗಿದ ಜೀವವನ್ನು ಇಂದ್ರನಾಗಲಿ ತೀರ್ಥಂಕರನಾಗಲಿ ಒಂದು ಗಳಿಗೆಯೂ ಹೆಚ್ಚಾಗಿ ನಿಲ್ಲಿಸಲಾರರು. ಆದುದರಿಂದ ಇಂದ್ರನು ಆಕೆಯನ್ನು ಕೊಂದನೆಂದು ಹೇಳುವಂತಿಲ್ಲ. ಆತನ ಮೇಲಿನ ಆಕ್ಷೇಪವು ಬೇರೆ. ಆಕೆಯ ಮರಣವನ್ನು ಆತನು ಬಳಸಿಕೊಂಡನು, ಬಳಸಿಕೊಂಡ ಮೇಲೆ ಮುಚ್ಚಿದನು. ಆ ಮರಣಕ್ಕೆ ಗೌರವವನ್ನು ಸಲ್ಲಿಸಿದವನು ಸ್ವಾಮಿಯೊಬ್ಬನೇ. ಬದಲಿಯಾಗಿ ಬಂದವಳನ್ನು ಕಂಡು ಸಮಾಧಾನಪಡದೆ, ಹೋದವಳು ಹೋದಳೆಂದು ತಿಳಿದನು. ಆ ತಿಳಿವಿಗಾಗಿ ರಾಜ್ಯವನ್ನೇ ಬಿಟ್ಟನು. ಒಬ್ಬ ನರ್ತಕಿಗೆ ಒಬ್ಬ ಪ್ರೇಕ್ಷಕನು ಸಲ್ಲಿಸಿದ ಕಾಣಿಕೆಗಳಲ್ಲಿ ಇದಕ್ಕಿಂತ ದೊಡ್ಡದು ಯಾವ ಸಾಹಿತ್ಯದಲ್ಲಿದೆ?

ಅಪ್ಸರೆಯೆಂದರೆ ಭೋಗದ ಗೊಂಬೆಯೆಂದು ಆದಿಪುರಾಣವು ಎಣಿಸಿಲ್ಲವೆಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. ಲಲಿತಾಂಗನ ಪ್ರಿಯೆಯಾಗಿದ್ದ ಸ್ವಯಂಪ್ರಭೆಯ ಜೀವವೇ ಶ್ರೀಮತಿಯಾಗಿ, ಭವಭವಗಳಲ್ಲಿ ಬೆಳೆದು, ಕೊನೆಗೆ ಹಸ್ತಿನಾಪುರದ ಶ್ರೇಯಾಂಸನಾಗಿ ಹುಟ್ಟಿತು. ದೀಕ್ಷೆಗೊಂಡ ಸ್ವಾಮಿಗೆ ಆಹಾರದ ವಿಧಿಯನ್ನರಿಯದೆ ಲೋಕವೆಲ್ಲ ಆನೆ ಕುದುರೆ ರತ್ನಗಳನ್ನು ಒಡ್ಡುತ್ತಿದ್ದಾಗ, ಪೂರ್ವಭವವನ್ನು ನೆನೆದು ಕಬ್ಬಿನ ರಸವನ್ನು ನೀಡಿ ಪ್ರಥಮದಾನಿಯಾದವನು ಆತನೇ. ಆ ದಿನವೇ ನಮ್ಮ ಅಕ್ಷಯ ತೃತೀಯೆ. ಒಮ್ಮೆ ಸ್ವರ್ಗದ ಅಂಗನೆಯಾಗಿದ್ದ ಜೀವವು ಹೀಗೆ ಧರ್ಮತೀರ್ಥಕ್ಕೆ ದಾನದ ದಾರಿಯನ್ನು ತೆರೆಯಿತು. ನೀಲಾಂಜನೆಯ ಜೀವವೂ ಅಂಥದೇ ಒಂದು ಜೀವ, ತನ್ನ ಕರ್ಮವನ್ನು ಹೊತ್ತು ತನ್ನ ದಾರಿಯಲ್ಲಿ ನಡೆದ ಪಥಿಕ. ಆಕೆಯು ಎಲ್ಲಿಗೆ ಹೋದಳೆಂದು ಸಭೆಯು ಕೇಳಲಿಲ್ಲ; ಇನ್ನೊಬ್ಬಳು ಕುಣಿಯುತ್ತಿದ್ದುದರಿಂದ ಕೇಳುವ ಅಗತ್ಯವೇ ಅದಕ್ಕೆ ಕಾಣಲಿಲ್ಲ.

ಪ್ರತಿಷ್ಠೆಯ ದಿನ

ಸುಜ್ಞರಾದ ಶ್ರಾವಕ ಶ್ರಾವಕಿಯರೇ, ಪ್ರತಿಷ್ಠೆಯೆಂದರೆ ಬಿಂಬದಲ್ಲಿ ಭಗವಂತನ ಗುಣಗಳನ್ನು ನೆಲೆಗೊಳಿಸುವುದು. ಆ ಗುಣಗಳನ್ನು ಕಾಣುವ ಕಣ್ಣು ನಮ್ಮಲ್ಲಿ ನೆಲೆಗೊಳ್ಳದಿದ್ದರೆ ಬಿಂಬವು ಪೂಜ್ಯವಾಗಿಯೇ ಇರುತ್ತದೆ, ನಾವು ಮಾತ್ರ ಮೊದಲಿನಂತೆಯೇ ಉಳಿಯುತ್ತೇವೆ. ಮಂಗಳವಾದ್ಯ, ಮೆರವಣಿಗೆ, ವಿದ್ಯುದ್ದೀಪಗಳ ಅಲಂಕಾರ, ಅಭಿಷೇಕದ ಬಣ್ಣಗಳು ಇವೆಲ್ಲವೂ ಬೇಕು. ಇವುಗಳಿಂದಲೇ ಮಕ್ಕಳ ಮನಸ್ಸಿನಲ್ಲಿ ಧರ್ಮದ ನೆನಪು ಉಳಿಯುತ್ತದೆ. ಆದರೆ ಇವೂ ಒಂದು ರಂಗವೇ. ಕರಗಿಹೋದರೆ ಕಾಣಬೇಕಾದುದು ಕಾಣದೆಹೋಗುವ ಅಪಾಯವು ಇಲ್ಲಿಯೂ ಇದೆ.

ದೀಕ್ಷಾಕಲ್ಯಾಣದ ಪ್ರದರ್ಶನವನ್ನು ಏರ್ಪಡಿಸುವ ಹಿರಿಯರಲ್ಲಿ ಒಂದು ವಿನಂತಿ. ನೀಲಾಂಜನೆಯ ನೃತ್ಯವನ್ನು ಮನರಂಜನೆಯ ಕಾರ್ಯಕ್ರಮಗಳ ಸಾಲಿಗೆ ಸೇರಿಸದೆ, ಅದು ಪೂಜಾವಿಧಿಯ ಅಂಗವೆಂದು ಬಗೆದು ನಡೆಸಬೇಕು. ಆಕೆಯು ಕುಸಿದ ಬಳಿಕ ಒಡನೆಯೇ ಘೋಷಣೆಗಳನ್ನೂ ಹಾಡುಗಳನ್ನೂ ಪ್ರಾರಂಭಿಸದೆ, ಒಂದು ಗಳಿಗೆ ವಾದ್ಯಗಳನ್ನು ನಿಲ್ಲಿಸಿ ಸಭೆಯನ್ನು ಮೌನವಾಗಿರಿಸಿದರೆ ಒಳ್ಳೆಯದು. ಇಂದ್ರನು ರಸಭಂಗಕ್ಕೆ ಅಂಜಿದನು, ನಾವು ಅಂಜಬೇಕಾಗಿಲ್ಲ. ಆ ಮೌನದಲ್ಲಿ ಕುಳಿತವರು ತಮ್ಮ ಮನೆಯಿಂದ ಹೋದವರನ್ನು ನೆನೆಯಲಿ, ತಾವೂ ಹೋಗುವವರೆಂಬುದನ್ನು ನೆನೆಯಲಿ. ಗೆಜ್ಜೆ ಕಟ್ಟಿದ ಬಾಲಿಕೆಗೂ ಅವಳ ಪಾತ್ರವು ಎಷ್ಟು ದೊಡ್ಡದೆಂದು ಮೊದಲೇ ತಿಳಿಸಿ ಹೇಳಬೇಕು: ಕುಣಿಯುತ್ತಿದ್ದಾಗ ಅವಳು ಸಭೆಯನ್ನು ಕಟ್ಟಿದಳು, ಇಲ್ಲವಾದಾಗ ಒಬ್ಬನನ್ನು ಬಿಡಿಸಿದಳು, ಆ ಒಬ್ಬನಿಂದ ಧರ್ಮತೀರ್ಥವು ಹರಿಯಿತು.

ಈ ನೂತನ ಪ್ರತಿಷ್ಠೆಯಿಂದ ಪಾವನವಾದ ಬಸದಿಯಲ್ಲಿ ನಿತ್ಯವೂ ದೀಪವು ಬೆಳಗಲಿ. ದೀಪವನ್ನು ನೋಡುವ ಕಣ್ಣುಗಳು ಕುಡಿಯ ಚೆಲುವಿನೊಂದಿಗೆ ಎಣ್ಣೆಯು ಸವೆಯುವುದನ್ನೂ ಕಾಣುವಂತಾಗಲಿ. ಸಕಲ ಜೀವಗಳಿಗೂ ಮಂಗಳವಾಗಲಿ.